ಪೆನ್ ಡ್ರೈವಿನಿಂದ ಎದ್ದ ಕಂಪ್ಯೂಟರ್

ಯಾರಾದರೂ ಮೌಸ್ ಹಿಡಿದರೆ ನಾನೀಗ ಪರದೆ ನೋಡುವುದಿಲ್ಲ, ಅವರ ಬೆರಳು ನೋಡುತ್ತೇನೆ. ಭಾಲ್ಕಿಯ ಕಾಲೇಜಿನಲ್ಲಿ ಪಾಠ ಮಾಡುವಾಗಲೂ ಅಷ್ಟೇ. ವಿದ್ಯಾರ್ಥಿಯೊಬ್ಬ ಏನನ್ನೋ ಒತ್ತಲು ಹೊರಟರೆ "ತಡಿ" ಅನ್ನುತ್ತೇನೆ. ಅವನು ತಿರುಗಿ ನೋಡುತ್ತಾನೆ. ಪರದೆಯಲ್ಲಿದ್ದುದನ್ನು ಒಮ್ಮೆ ಓದಿ, ಆಮೇಲೆ "ಒತ್ತು" ಅನ್ನುತ್ತೇನೆ.

ಆ ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕಿ, ಮನೆ ಬೀದರಿನ ಚಿದ್ರಿಯಲ್ಲಿ. ಲ್ಯಾಬಿನ ಕಂಪ್ಯೂಟರುಗಳಲ್ಲಿ ವೈರಸ್ ತುಂಬಿರುವುದರಿಂದ ಒಂದು ಪೆನ್ ಡ್ರೈವಿನಲ್ಲಿ ಇಡೀ ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡು ಓಡಾಡುತ್ತೇನೆ. ಅದನ್ನು ಚುಚ್ಚಿ ಆನ್ ಮಾಡಿದರೆ ಯಂತ್ರ ತನ್ನೊಳಗಿನ ವಿಂಡೋಸನ್ನು ಎಬ್ಬಿಸದೆ ನನ್ನ ಪೆನ್ ಡ್ರೈವಿನಿಂದಲೇ ಏಳುತ್ತದೆ. ಯಾರದೇ ಕಂಪ್ಯೂಟರಾದರೂ ಅಷ್ಟು ಹೊತ್ತು ನನ್ನದು. ತೆಗೆದ ಮೇಲೆ ಮತ್ತೆ ಅವರದು.

ಔರಾದದಲ್ಲಿ ನನ್ನ ಸೋದರಮಾವನ ಮಗನದೊಂದು ಫೋಟೊ ಸ್ಟುಡಿಯೊ ಇದೆ. ನನಗಿಂತ ಚಿಕ್ಕವನು. ಒಂದು ಭಾನುವಾರ ಬೆಳಿಗ್ಗೆ ಅವನ ಫೋನು ಬಂತು.

"ಅಕ್ಕಾ, ಕಂಪ್ಯೂಟರ್ ಏಳವಲ್ದು. ಬರೇ ಚಕ್ರ ತಿರುಗ್ಲಿಕತ್ತದ. ನಿನ್ನ ಆ ಪೆನ್ ಡ್ರೈವ್ ತೊಗೊಂಡು ಬಂದ್ಬಿಡು. ಒಬ್ಬ ಅಕ್ಕೋರು ಬಂದು ಕುಂತಾರ."

ಬಸ್ಸು ಹಿಡಿದು ಹೋದೆ. ಬೆಂಚಿನ ತುದಿಯಲ್ಲಿ ಕೂತಿದ್ದವಳು ಚಿಂತಾಕಿಯ ಹೆಂಗಸು, ಕೈಯಲ್ಲಿ ಹೊಸ ಪೆನ್ ಡ್ರೈವಿನ ಪೊಟ್ಟಣ. ಅವರದು ಕುರಿ ಸಾಕುವ ಮನೆತನ. ಹೋದ ವರ್ಷ ಅವಳ ತಂಗಿಯ ಮದುವೆಗೆ ಇವನೇ ವಿಡಿಯೊ ಮಾಡಿದ್ದ. ಮದುವೆಯಾದ ಕೆಲವೇ ತಿಂಗಳಿಗೆ ಅವರಪ್ಪನಿಗೆ ಲಕ್ವಾ ಹೊಡೆಯಿತು. ಕೈಕಾಲು ಒಂದಿಷ್ಟು ಹತೋಟಿಗೆ ಬಂದವು, ಮಾತು ಬರಲಿಲ್ಲ. ಅಪ್ಪನ ದನಿ ಇರುವುದು ಆ ಮದುವೆಯ ವಿಡಿಯೊದಲ್ಲಿ ಮಾತ್ರ.

"ನೀವು ಕೊಟ್ಟ ಸಿನಿಮಾದಾಗ ನಮ್ಮಪ್ಪನ ದನಿನೇ ಇಲ್ರಿ ಅಣ್ಣಾ," ಅಂದಳು. "ಅಪ್ಪ ಕುರಿ ಕರೀತಾನ, ಮ್ಯಾಲೆ ನೀವು ಹೀರೋನ ಹಾಡು ಹಚ್ಚೀರಿ."

"ಎಲ್ಲಾರೂ ಅದನ್ನೇ ಕೇಳ್ತಾರ್ರಿ ಅಕ್ಕಾ. ಹಾಡಿಲ್ಲಂದ್ರ ಅರ್ಧಾ ರೊಕ್ಕಾ ಹಿಡೀತಾರ."

"ನಮ್ಮಪ್ಪ ಹೀರೋ ಇದ್ದಂಗೇ ಇದ್ದ ಬಿಡ್ರಿ. ಆದರ ಹಿಂಗ ಹಾಡ್ತಿರಲಿಲ್ಲ."

ಸ್ಟುಡಿಯೊದವರ ಪದ್ಧತಿಯೇ ಅದು. ಮದುವೆಯ ದನಿಯನ್ನೆಲ್ಲ ಮುಚ್ಚಿ ಹಾಡು ಹಾಕುತ್ತಾರೆ, ಕ್ಯಾಮೆರಾದ ಕಾರ್ಡನ್ನು ಮುಂದಿನ ಮದುವೆಗೆ ಖಾಲಿ ಮಾಡುತ್ತಾರೆ. ಹಾಡು ಹಾಕದ ಮೂಲ ತುಣುಕು ಇದ್ದರೆ ಇದೇ ಏಳದ ಕಂಪ್ಯೂಟರಿನ ಹೊಟ್ಟೆಯಲ್ಲಿ ಇರಬೇಕು.

ನನ್ನ ಪೆನ್ ಡ್ರೈವ್ ಹಾಕಿದೆ. ಯಂತ್ರ ಎದ್ದಿತು. ಅದರೊಳಗಿನ ಡಿಸ್ಕನ್ನು ತೆರೆದು ಆ ಮದುವೆಯ ಫೋಲ್ಡರ್ ಹುಡುಕಿದೆವು. ಸಿಕ್ಕಿತು. ಕೆಂಪು ರುಮಾಲಿನ ಮನುಷ್ಯ ದೊಡ್ಡಿಯ ಮುಂದೆ ನಿಂತು, ಗಂಟಲಿನ ಆಳದಿಂದ ಉದ್ದನೆಯದೊಂದು ಕೂಗು ಹಾಕಿದ. ಧೂಳಿನಲ್ಲಿ ಕುರಿಗಳು ತಿರುಗಿದವು. ಅಷ್ಟರಲ್ಲಿ ಅವಳು ಎದ್ದು ಬಂದು ಪರದೆಗೆ ಕೈ ಅಡ್ಡ ಇಟ್ಟಳು.

"ನಿಂದರಸ್ರಿ ಅಕ್ಕೋರೆ. ಮನ್ಯಾಗ ಎಲ್ಲಾರೂ ಕೂಡಿ ಕೇಳ್ತೇವಿ."

ನಿಲ್ಲಿಸಿದೆ. ವಿಡಿಯೊದ ಕಿಟಕಿಯನ್ನು ಮುಚ್ಚಲಿಲ್ಲ, ಹಾಗೇ ಪರದೆಯ ಕೆಳಗೆ ಸರಿಸಿದೆ. ಕುರ್ಚಿ ಮಾವನ ಮಗನಿಗೆ ಬಿಟ್ಟು ಹಿಂದೆ ನಿಂತೆ. ಅವನು ಅವಳ ಹೊಸ ಪೆನ್ ಡ್ರೈವ್ ಚುಚ್ಚಿದ.

ಅವನಿಗೊಂದು ಅಭ್ಯಾಸವಿದೆ. ಗಿರಾಕಿಗಳು ತರುವ ಪೆನ್ ಡ್ರೈವುಗಳಿಂದ ವೈರಸ್ ಬರುತ್ತದೆಂದು, ಯಾರದೇ ಇರಲಿ, ಹೊಸದೇ ಇರಲಿ, ಮೊದಲು ಫಾರ್ಮ್ಯಾಟ್ ಮಾಡುತ್ತಾನೆ, ಅಂದರೆ ಒಳಗಿದ್ದುದನ್ನೆಲ್ಲ ಅಳಿಸುತ್ತಾನೆ. ಆಮೇಲೇ ಕಾಪಿ. ಚಪ್ಪಲಿ ಬಿಟ್ಟು ಒಳಗೆ ಬರುವಷ್ಟು ಸಹಜವಾದ ಕೆಲಸ, ಕಣ್ಣು ಬೇರೆ ಕಡೆಗಿದ್ದರೂ ಕೈ ಮಾಡುತ್ತದೆ. ಅವನ ವಿಂಡೋಸಿನಲ್ಲಿ ಹೊರಗಿನಿಂದ ಬಂದದ್ದು ಯಾವುದೆಂದು ಅವನ ಕೈಗೆ ಗೊತ್ತು. ಆದರೆ ನನ್ನ ಪೆನ್ ಡ್ರೈವಿನಿಂದ ಎದ್ದ ಯಂತ್ರದಲ್ಲಿ ಲೆಕ್ಕ ತಿರುಗಾಮುರುಗಾ. ಅಲ್ಲಿ ಅವನ ಸ್ವಂತ ಡಿಸ್ಕೇ ಹೊರಗಿನಿಂದ ಬಂದ ನೆಂಟನ ಹಾಗೆ, ಹೆಸರು ದಿಕ್ಕಿಲ್ಲದೆ, ಪಟ್ಟಿಯ ಮೇಲ್ಗಡೆ ಕೂತಿತ್ತು. ಅವಳ ಪೆನ್ ಡ್ರೈವ್ ಅದರ ಕೆಳಗೆ.

ಅವನು ಮೇಲಿನದನ್ನು ಒತ್ತಿದ.

"ನೀವು ಫಿಕರ್ ಮಾಡಬ್ಯಾಡ್ರಿ, ಸಾಫ್ ಮಾಡಿ ಹಾಕಿ ಕೊಡ್ತೇನಿ," ಎಂದು ಅವಳ ಕಡೆ ನೋಡಿ ನಕ್ಕ. ಬೆರಳು ಫಾರ್ಮ್ಯಾಟ್‌ಗೆ ಹೋಯಿತು. ಎಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂದು ಯಂತ್ರ ಕೇಳಿತು. ನನಗೆ ಕಂಡಿತು. ಓದಿದೆ. ಅರ್ಥವೂ ಆಯಿತು. ತಡಿ ಅನ್ನಲು ಬಾಯಿ ತೆರೆದೆ. ಕೈ ಅವನ ಭುಜದವರೆಗೆ ಹೋಗುವ ಮೊದಲೇ ಅವನು ಹೌದು ಅಂತ ಒತ್ತಿಬಿಟ್ಟಿದ್ದ.

ಪರದೆ ಒಂದು ಕ್ಷಣ ಏನೂ ಹೇಳಲಿಲ್ಲ. ಆ ಕ್ಷಣದಲ್ಲಿ ನಾನು ಇನ್ನೂ ನಿಂತಿದ್ದೇನೆ.

ಆಮೇಲೆ ಒಂದು ಸಣ್ಣ ಚೌಕ ಬಂತು. ಡಿಸ್ಕ್ ಬಳಕೆಯಲ್ಲಿದೆ, ಫಾರ್ಮ್ಯಾಟ್ ಆಗುವುದಿಲ್ಲ. ಕೆಳಗೆ ಸರಿಸಿಟ್ಟ ಕಿಟಕಿಯಲ್ಲಿ ಕುರಿ ಕರೆಯುವ ಆ ತುಣುಕು ಇನ್ನೂ ತೆರೆದೇ ಇತ್ತು. ಅದು ಡಿಸ್ಕನ್ನು ಬಿಟ್ಟುಕೊಟ್ಟಿರಲಿಲ್ಲ.

"ಏನಿದು ಅಕ್ಕಾ, ಹೊಸಾ ಪೆನ್ ಡ್ರೈವ್ ಒಲ್ಲೆ ಅನ್ಲಿಕತ್ತದ?" ಅಂದ.

"ಅದು ಪೆನ್ ಡ್ರೈವ್ ಅಲ್ಲೋ," ಅಂದೆ. "ಏಳು. ಕುರ್ಚಿ ಬಿಟ್ಟು ಏಳು."

ಅವನು ಪರದೆಯಲ್ಲಿದ್ದ ಡಿಸ್ಕಿನ ಅಳತೆ ಓದಿದ, ಅದು ಅವನದೇ ದೊಡ್ಡ ಡಿಸ್ಕಿನದು. ಮುಖದ ನಗು ಎಲ್ಲಿ ಹೋಯಿತೋ. ಸೀಸನ್ನಿನ ಎಲ್ಲ ಮದುವೆಗಳೂ ಅದರಲ್ಲಿದ್ದವು. ಎರಡೂ ಕೈ ತೊಡೆಯ ನಡುವೆ ಸಿಕ್ಕಿಸಿಕೊಂಡು ಬೆಂಚಿನಲ್ಲಿ ಕೂತ. ಕಾಪಿ ನಾನೇ ಮಾಡಿದೆ. ಒಂದು ಸಲ, ಮತ್ತೊಂದು ಸಲ, ಅವಳ ಫೋನಿಗೂ ಒಂದು.

"ಅಣ್ಣಾರು ಯಾಕ ಹಂಗ ಕುಂತಾರ್ರಿ? ಆರಾಮ ಇಲ್ಲೇನು?" ಅವಳು ಕೇಳಿದಳು.

"ಚಾ ಕುಡದಿಲ್ಲ ಮುಂಜಾನಿಂದ," ಅಂದ ಅವನು.

ಅವಳು ಸೆರಗಿನ ತುದಿಗೆ ಪೆನ್ ಡ್ರೈವ್ ಗಂಟು ಹಾಕಿಕೊಂಡು ಜೀಪು ಹತ್ತಿದಳು. ಅವಳಿಗೆ ಏನೂ ಗೊತ್ತಾಗಿರಲಿಲ್ಲ.

ಕೆಲವು ದಿನಗಳ ಮೇಲೆ ಫೋನು ಮಾಡಿದಳು. ಹಿಂದೆ ಗಾಳಿಯ ಸದ್ದು. ಅಪ್ಪ ಮೊದಲ ಸಲ ಕೇಳಿ ಫೋನನ್ನು ಬೋರಲು ಇಟ್ಟುಬಿಟ್ಟನಂತೆ. ಮರುದಿನ ತಾನೇ ಕೈಸನ್ನೆ ಮಾಡಿ ಮತ್ತೆ ಹಚ್ಚಿಸಿ ಕೇಳಿದನಂತೆ. ದೊಡ್ಡಿಯ ಹತ್ತಿರ ಹಚ್ಚಿ ನೋಡಿದರಂತೆ.

"ಕುರಿ ಬಂದ್ವೇನು?" ಅಂದೆ.

"ಇಲ್ರಿ. ಒಂದೆರಡು ತಲಿ ಎತ್ತಿ ನೋಡಿದ್ವು. ಫೋನಿನ ಆವಾಜ್ ಸಣ್ಣದ್ರಿ. ಆದರ ಅಪ್ಪ ದಿನಾ ಕೇಳ್ತಾನ, ಬಾಯಿ ಹಂಗೇ ಮಾಡ್ಲಿಕ್ಕ ನೋಡ್ತಾನ. ನಿನ್ನಿ ಏನೋ ಒಂದೀಟು ಬಂತ್ರಿ, ಗೊಗ್ಗರ ಗೊಗ್ಗರ."

ಅವಳು ಹೇಳುತ್ತಲೇ ಇದ್ದಳು. ನನ್ನ ಕಣ್ಣ ಮುಂದೆ ಏನೂ ಹೇಳದ ಆ ಪರದೆ, ಗುಂಡಿಯ ಮೇಲೆ ಇಳಿದ ಬೆರಳು. ಆ ದಿನ ಏನಾಗುವುದರಲ್ಲಿತ್ತೆಂದು ಹೇಳಬೇಕೆನಿಸಿತು, ಹೇಳಿ ಏನಾಗಬೇಕು ಎಂದೂ ಅನಿಸಿತು.

"ಹಲೋ? ಅಕ್ಕೋರೆ, ಅದೀರಿಲ್ಲೋ?"

"ಅದೀನಿ," ಅಂದೆ. "ಆ ತುಣುಕು ಇನ್ನೊಂದು ಫೋನಿಗೂ ಹಾಕಿ ಇಟ್ಟೀರೇನು?"