ಮೀನಿನ ಚೀಲದಲ್ಲಿ ಬಂದ ಕೊಳಲು

ಉಲ್ತುವಾರ್ ಹುಟ್ಟಿದಾಗ ಅವಳ ಮನೆಯವರು ಕಾಯುತ್ತಿದ್ದದ್ದು ಅವಳನ್ನಲ್ಲ. ಸಾಲಾಗಿ ಮೂರು ಹೆಣ್ಣಾದ ಮೇಲೆ ನಾಲ್ಕನೆಯದಕ್ಕೆ ‘ಇನ್ನು ಗಂಡು ಹುಟ್ಟುತ್ತದೆ’ ಎಂಬರ್ಥದ ಹೆಸರಿಟ್ಟರೆ ಮೇಲಿರುವವನಿಗೆ ನಾಚಿಕೆಯಾದೀತು ಎಂಬ ಲೆಕ್ಕಾಚಾರ. ಅವನಿಗೆ ನಾಚಿಕೆಯಾಗಲಿಲ್ಲ. ಐದನೆಯದೂ ಹೆಣ್ಣೇ ಆಯಿತು. ಹೆಸರು ಮಾತ್ರ ಇವಳಿಗೆ ಅಂಟಿಕೊಂಡು ಉಳಿಯಿತು.

“ನಾನು ಬರದೇ ಹೋದ ಬಸ್ಸಿನ ಬೋರ್ಡು” ಎಂದು ಅವಳೇ ಹೇಳಿಕೊಂಡು ನಗುತ್ತಿದ್ದಳು. ಹಾಗೆ ಹೇಳುವ ಅಧಿಕಾರವೂ ಅವಳಿಗಿತ್ತು. ಕಜಕರ ನಾಡಿನ ಓಸ್ಕೆಮೆನ್ ಊರಿನ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕೆಲಸ ಅವಳದು. ದಿನವಿಡೀ ಗಾಜಿನ ಹಿಂದೆ ಕೂತು, ಗಾಜಿನಲ್ಲಿ ಕೊರೆದ ಕಿಂಡಿಗೆ ಬಾಯಿಟ್ಟು ಮಾತಾಡಬೇಕು. ಜನ ಬೈಗುಳವನ್ನೂ ಅದೇ ಕಿಂಡಿಯಿಂದ ಒಳಗೆ ತೂರಿಸುತ್ತಿದ್ದರು. ಸಂಬಳ ಕೈಗೆ ಬಿದ್ದ ದಿನ ಅವಳು ಹುಲಿ. ಉಳಿದ ದಿನಗಳಲ್ಲಿ ಮೇಲ್ವಿಚಾರಕಿ ಕೆಮ್ಮಿದರೂ ಎದ್ದು ನಿಲ್ಲುವ ಜಾತಿ.

ಇಂಥವಳ ಹತ್ತಿರ ಒಂದು ಕೊಳಲಿತ್ತು. ಸಿಬಿಜ್ಗಿ. ಬೆಟ್ಟದಲ್ಲಿ ಬೆಳೆಯುವ ಪೊಳ್ಳು ಕಾಂಡವನ್ನು ಕೊಯ್ದು, ಒಣಗಿಸಿ, ಮೇಲೆ ಕುರಿಯ ಅನ್ನನಾಳದ ತೊಗಲನ್ನು ಹಸಿಯಾಗಿ ಏರಿಸಿ ಮಾಡಿದ, ಮೊಳಕ್ಕಿಂತ ಉದ್ದದ ಕೊಳಲು. ಬಾಯಿಯ ಒಂದು ಮೂಲೆಗೆ, ಹಲ್ಲಿಗೆ ಒತ್ತಿ ಹಿಡಿದು ಊದಬೇಕು. ಊದುತ್ತಲೇ ಗಂಟಲಿನಿಂದ ಒಂದು ಗುಂಯ್‌ಗಾರವನ್ನೂ ಹೊರಡಿಸಬೇಕು. ನೋಡುವವರಿಗೆ ಹಲ್ಲುನೋವಿನವರು ನರಳಿದಂತೆ ಕಾಣುತ್ತದೆ. ಅವಳಿಗೆ ಕಲಿಸಿದವನು ತಾಯಿಯ ತಂದೆ, ಕುರಿ ಕಾಯುತ್ತಿದ್ದ ಸಬ್ದಾಲ್ ತಾತ. ಬೇಸಿಗೆಯಲ್ಲಿ ಬೆಟ್ಟದ ಹುಲ್ಲುಗಾವಲಿಗೆ ಮೊಮ್ಮಕ್ಕಳೆಲ್ಲ ಹೋಗುತ್ತಿದ್ದರೂ ಅವನ ಪಕ್ಕ ಸುಮ್ಮನೆ ಕೂರುತ್ತಿದ್ದದ್ದು ಇವಳೊಬ್ಬಳೇ. ಹೆಂಗಸರು ಸಿಬಿಜ್ಗಿ ಊದುವುದುಂಟೇ ಎಂದು ಯಾರೋ ಕೇಳಿದ್ದಕ್ಕೆ ತಾತ, “ಇದನ್ನ ಊದೋಕೆ ಹಲ್ಲು ಬೇಕು ಕಣಯ್ಯಾ, ಮೀಸೆ ಅಲ್ಲ” ಎಂದಿದ್ದ. ಹೋದ ವರ್ಷ ಹಾಸಿಗೆ ಹಿಡಿದಾಗ ಕೊಳಲನ್ನು ಅವಳ ಕೈಗೇ ಕೊಟ್ಟ. ಆಗ ಹತ್ತಿರ ಬೇರೆ ಯಾರೂ ಇರಲಿಲ್ಲ. ತಾಪತ್ರಯ ಹುಟ್ಟಿದ್ದು ಅಲ್ಲೇ.

ತಾತ ತೀರಿಕೊಂಡು ವರ್ಷ ತುಂಬುತ್ತ ಬಂದಿತ್ತು. ವರ್ಷದ ಊಟಕ್ಕೆ ಕರೆಯಲು ತಾಯಿಯ ಅಣ್ಣ ಕಬ್ದೇಶ್ ಫೋನ್ ಮಾಡಿದ. ಕಜಕರಲ್ಲಿ ಸೋದರಮಾವನನ್ನು ನಗಾಶಿ ಎನ್ನುತ್ತಾರೆ.

“ಬರೋವಾಗ ಅಪ್ಪನ ಕೊಳಲು ತಗೊಂಬಾ. ಎಲ್ಲರ ಮುಂದೆ ತಿಲೆಕ್ ಕೈಗೆ ಕೊಡ್ಬೇಕು” ಎಂದ. ತಿಲೆಕ್ ಅವನ ಮಗ.

“ತಿಲೆಕ್‌ಗೆ ಊದೋಕೆ ಬರಲ್ವಲ್ಲ, ನಗಾಶಿ?”

“ಗೋಡೆಗೆ ತೂಗುಹಾಕೋಕೆ ಊದೋಕೆ ಯಾಕೆ ಬರ್ಬೇಕು? ನೀನು ನಾಳೆ ಮದುವೆ ಆಗಿ ಹೋಗೋಳು. ನಮ್ಮಪ್ಪನ ಕೊಳಲು ಯಾವನದೋ ಮನೆ ಅಟ್ಟ ಸೇರ್ಬೇಕಾ?”

“ಹೂಂ” ಎಂದಳು ಉಲ್ತುವಾರ್.

ಮೇಲ್ವಿಚಾರಕಿಗೆ ಹೇಳಿ ಹೇಳಿ ಬಾಯಿಗೆ ರೂಢಿಯಾದ ‘ಹೂಂ’ ಅದು. ಕೊಳಲನ್ನು ಕೊಡಲಾರೆ ಎಂಬುದು ಅವಳಿಗೆ ಗೊತ್ತಿತ್ತು. ಹಾಗೆಂದು ಹೇಳುವ ಧೈರ್ಯ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂಬುದು ಗೊತ್ತಿರಲಿಲ್ಲ. ಆದ್ದರಿಂದ ಅವಳು ಅಂಗಡಿಯಲ್ಲಿ ಸಿಗುವಂಥದ್ದನ್ನು, ಅಂದರೆ ಒಂದು ಚೀಲವನ್ನು, ಹುಡುಕತೊಡಗಿದಳು. ಇಷ್ಟು ದಿನ ಕೊಳಲು ಮನೆಯಲ್ಲಿ ಟವೆಲ್ಲಿನಲ್ಲಿ ಸುತ್ತಿಕೊಂಡು ಬಿದ್ದಿತ್ತು. ಇಡೀ ದಿನದ ಬಸ್ಸಿಗೆ ಟವೆಲ್ ಸಾಲದು.

ಅಮ್ಮ ಕುಲ್ಪಾಶ್ ಹಳೇ ಛತ್ರಿಯ ಕವರು ತಂದುಕೊಟ್ಟಳು. “ಕಾಣದ ಹಾಗೆ ತಗೊಂಡ್ಹೋಗು, ಕಾಣದ ಹಾಗೆ ಕೊಟ್ಟುಬಿಡು. ಜಗಳ ಬೇಡ.” ಕೊಳಲಿನ ಅರ್ಧ ಹೊರಗೇ ಉಳಿದು ಬಾತುಕೋಳಿಯ ಕತ್ತಿನ ಹಾಗೆ ಇಣುಕಿತು. ವಾದ್ಯದ ಅಂಗಡಿಯವನು ಬೆಳ್ಳಿ ಬಣ್ಣದ ಕೊಳಲಿಗೆ ಮಾಡಿದ, ಒಳಗೆ ನೀಲಿ ಮಖಮಲ್ಲಿದ್ದ ಪೆಟ್ಟಿಗೆ ತೋರಿಸಿದ. “ಮೂರು ತುಂಡು ಬಿಚ್ಚಿ ಇಡಿ, ಕರೆಕ್ಟಾಗಿ ಕೂರುತ್ತೆ.”

“ಇದು ಬಿಚ್ಚಲ್ಲ.”

“ಬಿಚ್ಚದೇ ಇರೋದು ಎಂಥ ಕೊಳಲು?”

ಅವಳಿಗೆ ಉತ್ತರ ಹೊಳೆಯಿತು. ಆದರೆ ಅಷ್ಟರಲ್ಲಿ ಅವಳು ಮನೆಗೆ ಬಂದು ಸಾರು ಕುದಿಸುತ್ತಿದ್ದಳು.

ಕೊನೆಗೆ ದಾರಿ ತೋರಿಸಿದ್ದು ನಿಲ್ದಾಣದಲ್ಲಿ ಸಾಮಾನು ಕಾಯುವ ಲ್ಯೂಬಾ. ಯಾರೋ ಇಟ್ಟು ಮರೆತು, ಎಷ್ಟೋ ತಿಂಗಳಿಂದ ಕೇಳುವವರಿಲ್ಲದ ಗಾಳದ ಕೋಲಿನ ಚೀಲವೊಂದು ಅವಳ ಕಪಾಟಿನಲ್ಲಿತ್ತು. ಉದ್ದ, ಹಸಿರು, ಒಳಗೆ ರಬ್ಬರ್, ಈ ತುದಿಯಿಂದ ಆ ತುದಿಗೆ ಜಿಪ್ಪು.

“ಅಳತೆ ಕೊಟ್ಟು ಹೊಲಿಸಿದ ಹಾಗಿದೆ ನೋಡೇ” ಎಂದಳು ಲ್ಯೂಬಾ. “ಯಾರೂ ಏನೂ ಕೇಳಲ್ಲ. ಮೀನು ಹಿಡಿಯೋಳು ಅಂದ್ಕೋತಾರೆ.”

ಯಾರೂ ಏನೂ ಕೇಳುವುದಿಲ್ಲ ಎಂಬುದೇ ಉಲ್ತುವಾರ್‌ಗೆ ಎಲ್ಲಕ್ಕಿಂತ ಹಿಡಿಸಿತು. ಅದನ್ನೇ ಆರಿಸಿದಳು.

ಬಸ್ಸಿನಲ್ಲಿ ಪಕ್ಕದ ಸೀಟಿಗೆ ಬಂದವನು ಬುಖ್ತರ್ಮಾ ಕೆರೆಯಲ್ಲಿ ವಯಸ್ಸು ಕಳೆದ ಮೀನುಗಾರ. ಚೀಲ ನೋಡಿದ್ದೇ ಕಣ್ಣರಳಿಸಿದ. “ಭೇಷ್ ಮಗಳೇ! ಎರೆ ಏನು ಹಾಕ್ತೀಯಾ?”

“ಎರೆಹುಳ, ತಾತಾ.”

“ಛೇ! ಹುಳಕ್ಕೆ ಮರಿಮೀನು ಬೀಳುತ್ತೆ ಅಷ್ಟೇ. ಕೇಳು ಇಲ್ಲಿ...” ಎಂದವನು ಬೆಟ್ಟ ಹತ್ತುವವರೆಗೂ ಬಾಯಿ ಮುಚ್ಚಲಿಲ್ಲ. ಉಲ್ತುವಾರ್ ತಲೆಯಾಡಿಸುತ್ತ ಹೋದಳು. ತಾತನ ಕೊಳಲನ್ನು ತೊಡೆಯ ಮೇಲಿಟ್ಟುಕೊಂಡು ತಾನು ಇಲ್ಲದ ಮೀನಿನ ಬಗ್ಗೆ ಸುಳ್ಳು ಹೇಳುತ್ತಿದ್ದೇನೆ ಎನ್ನಿಸಿ ಕಿವಿ ಬಿಸಿಯಾಯಿತು. ಪಕ್ಕದ ಸಾಲಿನಲ್ಲಿದ್ದ ಅಮ್ಮ ಕಿಟಕಿಯ ಕಡೆ ತಿರುಗಿ ನಗು ನುಂಗುತ್ತಿದ್ದಳು.

ಬಸ್ಸಿಳಿದು ನಡೆಯುವಾಗ ಅಮ್ಮ ಮೆಲ್ಲಗೆ ಮಾತು ತೆಗೆದಳು. “ನೀನು ಆ ಮನೆಯ ಝಿಯೆನ್. ಬೇಕಾದ್ರೆ ಬಾಯಿಬಿಟ್ಟು ಕೇಳೇ, ಕೊಳಲು ಕೊಡಿ ಅಂತ. ಇಲ್ಲ ಅನ್ನೋ ಹಾಗಿಲ್ಲ ಅವನು.”

ಝಿಯೆನ್ ಎಂದರೆ ಮನೆಯ ಹೆಣ್ಣುಮಗಳು ಹೆತ್ತ ಮಗು. ಅದು ತಾಯಿಯ ತವರಿಗೆ ಬಂದು ಏನಾದರೂ ಕೇಳಿದರೆ ಮೂರು ಸಲದವರೆಗೆ ಇಲ್ಲ ಎನ್ನಬಾರದು. ಇಲ್ಲ ಎಂದವನ ಕೈ ನಡುಗುತ್ತದೆ ಎಂದು ಮಾತು. ಗಂಡುಹುಡುಗರು ಹೀಗೆ ಕುದುರೆಮರಿಯನ್ನೇ ಹೊಡೆದುಕೊಂಡು ಹೋದದ್ದುಂಟು. ಹುಡುಗಿಯರು ಕೇಳಿದ್ದನ್ನು ಯಾರೂ ಕಂಡಿರಲಿಲ್ಲ.

“ಕೊಡಿ ಅಂತ ಕೇಳಿದ್ರೆ ಅದು ಅವರದ್ದು ಅಂತ ನಾನೇ ಒಪ್ಪಿಕೊಂಡ ಹಾಗಲ್ವಾ?” ಎಂದಳು ಉಲ್ತುವಾರ್. “ತಾತ ಕೊಟ್ಟಿದ್ದನ್ನ ನಾನ್ಯಾಕೆ ಬೇಡಲಿ?”

“ಹಾಗಾದ್ರೆ ಬೇಡ ಅನ್ನು.”

“ಅನ್ನೋಕೆ ಬಾಯಿ ಬರ್ಬೇಕಲ್ಲ.”

ಕಬ್ದೇಶನ ಅಂಗಳದಲ್ಲಿ ನೆಂಟರು ಸೇರಿದ್ದರು. ದೊಡ್ಡ ಕಡಾಯಿಯಲ್ಲಿ ಕುದುರೆಮಾಂಸ ಬೇಯುತ್ತಿತ್ತು, ಹೆಂಗಸರು ಎಣ್ಣೆಯಿಂದ ಬೌರ್ಸಾಕ್ ಉಂಡೆಗಳನ್ನು ತೆಗೆದು ಬುಟ್ಟಿಗೆ ಸುರಿಯುತ್ತಿದ್ದರು. ಉಲ್ತುವಾರ್ ಚೀಲವನ್ನು ಬಾಗಿಲ ಪಕ್ಕದ ಬೆಂಚಿನ ಮೇಲಿಟ್ಟು ಹಿರಿಯರನ್ನು ಮಾತಾಡಿಸಲು ಒಳಗೆ ಹೋದಳು. ಅವಳು ಮಾಡಿದ ತಪ್ಪು ಅದು. ಹೊರಗೆ ಹಳೇ ಮೀನಿನ ವಾಸನೆ, ಒಳಗೆ ಕುರಿಯ ತೊಗಲು: ಕುರಿ ಕಾಯುವ ಮನೆಯ ನಾಯಿಗೆ ಇದಕ್ಕಿಂತ ದೊಡ್ಡ ಹಬ್ಬ ಯಾವುದು? ಗಲಾಟೆ ಕೇಳಿ ಓಡಿ ಬರುವಷ್ಟರಲ್ಲಿ ಅದು ಚೀಲವನ್ನು ಅಂಗಳದ ನಡುವೆ ಎಳೆತಂದು ಜಿಪ್ಪು ಹರಿದಿತ್ತು. ತಿಲೆಕ್ ನಾಯಿಯ ಕತ್ತುಪಟ್ಟಿ ಹಿಡಿದು ಜಗ್ಗಿದ. ಕೊಳಲು ಮಣ್ಣಿಗೆ ಉರುಳಿತು.

ಅದು ಒಡೆದಿರಲಿಲ್ಲ. ಆದರೆ ರಬ್ಬರಿನೊಳಗೆ ಬೆವೆತು, ಮೇಲಿನ ತೊಗಲು ಒಂದು ಕಡೆ ಸಡಿಲಾಗಿ ಸುಕ್ಕುಗಟ್ಟಿತ್ತು.

“ನೋಡ್ರಪ್ಪಾ!” ಕಬ್ದೇಶ್ ಹರಿದ ಚೀಲವನ್ನು ಎತ್ತಿ ಹಿಡಿದ. “ನಮ್ಮಪ್ಪ ಎದೆಗೊತ್ತಿಕೊಂಡು ತಿರುಗ್ತಿದ್ದ ಕೊಳಲನ್ನ ಇವಳು ಮೀನಿನ ಚೀಲದಲ್ಲಿ ತಂದಿದ್ದಾಳೆ! ಒಂದು ನೆಟ್ಟಗಿನ ಚೀಲ ಹುಡುಕೋಕೆ ಆಗ್ದೋಳು ಇಷ್ಟು ದಿನ ಕೊಳಲು ಇಟ್ಕೊಂಡಿದ್ಲಂತೆ. ಇಲ್ಲಿ ಕೊಡು.”

ಮಾತು ನಿಜವಾಗಿತ್ತು, ಅದಕ್ಕೇ ಅದು ನೇರ ಹೋಗಿ ತಾಗಿತು. ಉಲ್ತುವಾರ್ ಕೊಳಲನ್ನು ಎತ್ತಿ ಲಂಗದಿಂದ ಮಣ್ಣೊರೆಸಿದಳು. ಮಾವ ಕೈ ಚಾಚಿದ. ಅವನು ಆ ದಿನ ಸತ್ತ ತಂದೆಯ ನಿಲುವಂಗಿಯನ್ನೇ ಹಾಕಿಕೊಂಡಿದ್ದ: ಕಂದು ಬಣ್ಣದ, ಒಳಗೆ ಒಂಟೆಯ ಉಣ್ಣೆ ತುಂಬಿ ಹೊಲಿದ ಹಳೇ ಚಪಾನ್. ಅದರ ತೋಳುಗಳು ಬೆರಳು ದಾಟಿ ಇಳಿಬಿದ್ದಿದ್ದವು.

ಆ ತೋಳನ್ನೇ ನೋಡುತ್ತ ನಿಂತಳು ಉಲ್ತುವಾರ್. ಕೊರೆಯುವ ಚಳಿಯಲ್ಲಿ ತಾತ ಕುದುರೆ ಹತ್ತುವ ಮುಂಚೆ ಕೊಳಲನ್ನು ಆ ಎಡತೋಳಿನೊಳಗೆ ತೂರಿಸಿಕೊಳ್ಳುತ್ತಿದ್ದ. ಮೈಯ ಬಿಸಿಗೆ ತೊಗಲು ಬಿರಿಯುತ್ತಿರಲಿಲ್ಲ, ಉಣ್ಣೆಯಲ್ಲಿ ಗಾಳಿಯಾಡಿ ಬೆವರುತ್ತಿರಲಿಲ್ಲ. ಅವನ ಕೊಳಲಿಗೆ ಚೀಲವೇ ಇರಲಿಲ್ಲವೆಂದು ಎಲ್ಲರೂ ಅಂದುಕೊಂಡಿದ್ದರು. ಊರಿನ ಅಂಗಡಿಗಳನ್ನೆಲ್ಲ ಸುತ್ತಿದ ತಾನೂ ಅದೇ ಕತ್ತೆಗಳ ಸಾಲಿನವಳು.

“ನಗಾಶಿ, ನಾನು ಒಂದು ಕೇಳ್ತೀನಿ” ಎಂದಳು. ಟಿಕೆಟ್ ಕಿಂಡಿಯಲ್ಲಿ ಮಾತಾಡುವ ದನಿಯೇ ಬಂತು; ಅಂಗಳದ ಆಚೆ ತುದಿಗೂ ಕೇಳಿಸಿತು. “ಝಿಯೆನ್ ಆಗಿ ಕೇಳ್ತೀನಿ.”

ಅಮ್ಮ ಕೈಯಲ್ಲಿದ್ದ ಜಾಲರಿ ಸೌಟನ್ನು ಕೆಳಗಿಟ್ಟಳು.

“ಕೊಳಲು ಕೇಳ್ತೀಯಾ?” ಕಬ್ದೇಶ್ ಹುಬ್ಬು ಗಂಟಿಕ್ಕಿದ.

“ಕೊಳಲು ನನ್ನದೇ. ಅದನ್ನ ಯಾಕೆ ಕೇಳಲಿ? ಅದಕ್ಕೆ ಚೀಲ ಬೇಕು. ನಿಮ್ಮ ಅಂಗಿಯ ಎಡತೋಳು ಕೊಡಿ.”

ಯಾರೋ ಪಕ್ಕನೆ ನಕ್ಕರು. ಕಬ್ದೇಶ್ ನಗಲಿಲ್ಲ. “ಅದೆಲ್ಲ ಗಂಡು ಝಿಯೆನ್‌ಗಳ ಹಕ್ಕು ಕಣೇ.”

“ಹಾಗಂತ ಯಾರು ಹೇಳಿದ್ದು?” ಬಾಗಿಲ ಬಳಿ ಕಂಬಳಿ ಹೊದ್ದು ಕೂತಿದ್ದ ಜಾಮಿಗಾ ಅಜ್ಜಿ ಕೇಳಿದಳು. ಸತ್ತ ಸಬ್ದಾಲನ ಅಕ್ಕ ಅವಳು. ಅವಳೆದುರು ಕಬ್ದೇಶ್ ಈಗಲೂ ಹುಡುಗ. “ನಿನ್ನ ತಂಗಿ ಹೆತ್ತಿದ್ದು ಝಿಯೆನ್. ಗಂಡು ಹೆಣ್ಣು ಅಂತ ನಾನಂತೂ ಕೇಳಿಲ್ಲ. ಇಲ್ಲ ಅನ್ನು, ಬೇಡ ಅನ್ನಲ್ಲ ನಾನು. ಆಮೇಲೆ ಚಹಾ ಬಟ್ಟಲು ಹಿಡಿಯೋಕೆ ಕೈ ನಿಲ್ಲುತ್ತಾ ನೋಡ್ಕೋ.”

ಅಂಗಳದವರೆಲ್ಲ ಕಬ್ದೇಶನ ಕೈ ನೋಡಿದರು. ಕಬ್ದೇಶನೂ ತನ್ನ ಕೈ ನೋಡಿಕೊಂಡ. ಚಾಚಿದ್ದ ಕೈಯನ್ನು ಮೆಲ್ಲಗೆ ಒಳಗೆಳೆದುಕೊಂಡ.

“ಅತ್ತೇ, ತೋಳು ಕೊಯ್ದ್ರೆ ಅಂಗಿ ಹಾಳು!”

“ಗೋಡೆಗೆ ನೇತುಹಾಕಿದ್ರೆ ಕೊಳಲೂ ಹಾಳು” ಎಂದಳು ಉಲ್ತುವಾರ್.

“ಇಡೀ ಅಂಗಿನೇ ತಗೊಂಡ್ಹೋಗು ಹಾಗಾದ್ರೆ! ಒಂಟಿ ತೋಳಿನ ಅಂಗಿ ಇಟ್ಕೊಂಡು ನಾನೇನು ಮಾಡ್ಲಿ?”

“ಅಂಗಿ ನಿಮ್ಮದು, ನಗಾಶಿ. ಅದು ನಂಗೆ ಬೇಡ. ತೋಳು ಸಾಕು.”

ತೋಳು ಕೊಟ್ಟರೆ ಕೊಳಲನ್ನು ಕೊಟ್ಟ ಹಾಗೆಯೇ ಎಂಬುದು ಕಬ್ದೇಶನಿಗೆ ಹೊಳೆದಿತ್ತು. ಅವನೇನು ದಡ್ಡನಲ್ಲ. ಒಮ್ಮೆ ಮಗನ ಕಡೆ ನೋಡಿದ. ನಾಯಿಯನ್ನು ಇನ್ನೂ ಹಿಡಿದುಕೊಂಡಿದ್ದ ತಿಲೆಕ್, “ಕೊಟ್ಬಿಡಪ್ಪಾ, ನಮ್ಮನೆ ಗೋಡೇಲಿ ಈಗಾಗ್ಲೇ ಟೀವಿ ಇದೆ” ಎಂದುಬಿಟ್ಟ.

ಕಬ್ದೇಶ್ ಅಂಗಿ ಬಿಚ್ಚಿ ಬೆಂಚಿನ ಮೇಲೆ ಒಗೆದ. “ನೀನೇ ಕೊಯ್ಯಿ. ನನ್ನ ಕೈಯಲ್ಲಿ ಮಾಡಿಸ್ಬೇಡ.”

ಅಡುಗೆಮನೆಯಿಂದ ಕುರಿಯುಣ್ಣೆ ಕತ್ತರಿಸುವ ಕತ್ತರಿ ಬಂತು. ಭುಜದ ಹೊಲಿಗೆಗೆ ಅಲಗು ತಾಗಿಸುವಾಗ ನಡುಗಿದ್ದು ಮಾವನ ಕೈಯಲ್ಲ, ಉಲ್ತುವಾರಳ ಕೈ. ಆದರೂ ಕೊಯ್ದಳು. ಹಳೇ ಉಣ್ಣೆ ಗಾಳಿಗೆ ಹಾರಿ ಬೌರ್ಸಾಕ್ ಬುಟ್ಟಿಯ ಮೇಲೆ ಕೂತಿತು. ಹೆಂಗಸರು ಬಾಯಿಗೆ ಬಂದಂತೆ ಬೈದರು. ಮುಂಗೈ ತುದಿಗೆ ಗಂಟು ಹಾಕಿ, ಭುಜದ ತುದಿಗೆ ಅಮ್ಮನ ತಲೆವಸ್ತ್ರವನ್ನು ಹೆಗಲಪಟ್ಟಿಯಾಗಿ ಕಟ್ಟಿ, ಕೊಳಲನ್ನು ಒಳಗಿಳಿಸಿ ಹೆಗಲಿಗೆ ಹಾಕಿಕೊಂಡಳು. ಮೇಲೆ ಒಂದಿಷ್ಟು ಕೊಳಲು ಕಾಣುತ್ತಿತ್ತು. ಕಾಣಲಿ ಎಂದು ಹಾಗೆಯೇ ಬಿಟ್ಟಳು.

ಕಬ್ದೇಶ್ ಒಂಟಿ ತೋಳಿನ ಅಂಗಿಯನ್ನೇ ಮತ್ತೆ ತೊಟ್ಟು, ಒಳಗಿನ ಷರ್ಟಿನ ತೋಳನ್ನು ಜಗತ್ತಿಗೆ ತೋರಿಸುತ್ತ ಊಟದ ಮೊದಲ ಸ್ಥಾನದಲ್ಲಿ ಹೋಗಿ ಕೂತ. ಸೋಲದ ರಕ್ತ ಆ ಮನೆಯಲ್ಲಿ ಎರಡೂ ಕಡೆ ಹರಿದಿತ್ತು. ಮಾಂಸದ ತಟ್ಟೆ ಬಂದ ಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದ: “ಹೂಂ, ಈಗ ಊದು. ತೋಳಿನ ಬೆಲೆ ಬರುತ್ತಾ ಕೇಳೋಣ.”

“ಊದಲ್ಲ.”

“ಏನಂದೆ?”

“ಈಗ ಊದಲ್ಲ ಅಂದೆ. ಹಸಿವಾಗಿದೆ, ಊಟ ಮಾಡ್ತೀನಿ. ಪರೀಕ್ಷೆ ಪಾಸಾಗೋಕೆ ಬಂದಿಲ್ಲ ನಾನು.”

ಮಾಂಸದ ತುಂಡೊಂದನ್ನು ಎತ್ತಿ ಬಾಯಿಗಿಟ್ಟಳು. ತೋಳನ್ನು ಹೆಗಲಿನಿಂದ ಇಳಿಸಲಿಲ್ಲ. ಜಾಮಿಗಾ ಅಜ್ಜಿ ತನ್ನ ತಟ್ಟೆಯಿಂದ ಕೊಬ್ಬಿನ ತುಂಡೊಂದನ್ನು ಅವಳ ತಟ್ಟೆಗೆ ದಾಟಿಸಿದಳು.

ನೆಂಟರು ಕರಗಿ, ಬಿಸಿಲು ಬೆಟ್ಟದ ಕಡೆ ವಾಲಿದ ಮೇಲೆ ಅವಳು ಒಬ್ಬಳೇ ಕುದುರೆ ಕಟ್ಟುವ ಕಂಬದ ಬಳಿ ಹೋದಳು. ಯಾರನ್ನೂ ಕರೆಯಲಿಲ್ಲ. ಕೊಳಲಿಗೆ ಒಂದು ಗುಟುಕು ನೀರು ಹಾಯಿಸಿ ಒದ್ದೆ ಮಾಡಿದಳು, ಸುಕ್ಕಾದ ತೊಗಲನ್ನು ಬೆರಳಿನಿಂದ ತೀಡಿದಳು, ಹಲ್ಲಿಗಿಟ್ಟಳು. ಮೊದಲು ಬರೀ ಗಾಳಿ ಬಂತು. ಆಮೇಲೆ ಗಂಟಲಿನ ಗುಂಯ್‌ಗಾರ, ಅದರ ಮೇಲೆ ಹತ್ತಿ ನಿಂತ ಸ್ವರ. ಸಡಿಲಾದ ಕಡೆ ಸ್ವಲ್ಪ ಒಡಕು ಕೇಳುತ್ತಿತ್ತು; ಅದನ್ನು ಮುಚ್ಚಿಡಲು ಹೋಗಲಿಲ್ಲ.

ಕಬ್ದೇಶ್ ಬಾಗಿಲಿಗೆ ಬಂದು ನಿಂತ. ಹತ್ತಿರ ಬರಲಿಲ್ಲ, ಒಳಗೂ ಹೋಗಲಿಲ್ಲ. ಚಳಿಗೆ ಬರಿಯ ತೋಳನ್ನು ಇನ್ನೊಂದು ಕೈಯಿಂದ ಉಜ್ಜಿಕೊಳ್ಳುತ್ತಿದ್ದ.

“ಕೊನೇ ಸ್ವರ ಎಳೀಬೇಕು ಕಣೇ! ಕಡಿದು ಹಾಕ್ಬೇಡ!” ಎಂದು ಅಲ್ಲಿಂದಲೇ ಕೂಗಿದ.

ಉಲ್ತುವಾರ್ ಅವನ ಕಡೆ ತಿರುಗಿದಳು, ಕಣ್ಣಿಗೆ ಕಣ್ಣಿಟ್ಟು ಇನ್ನೊಂದು ಉಸಿರು ಊದಿದಳು, ತನಗೆ ಬೇಕಾದಲ್ಲಿ ಕಡಿದಳು.