ಕಚ್ಚಿದ ನಾಯಿಗೆ ಅಡ್ಡ ನಿಂತವರು

ಗೋದಾಮಿನ ಅಂಗಳದಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಕಬ್ಬಿಣದ ಕಂಬಕ್ಕೆ ಕಟ್ಟಿದ ಕಂದು ನಾಯಿಯೊಂದು ಬೊಗಳುತ್ತ ಮುನ್ನುಗ್ಗುತ್ತದೆ. ಸರಪಳಿ ಅದರ ಕುತ್ತಿಗೆ ಹಿಡಿದು ಹಿಂದಕ್ಕೆ ಜಗ್ಗುತ್ತದೆ. ಅದರ ಬಾಯಿಗೆ ಎಟುಕದಷ್ಟು ದೂರದಲ್ಲಿ ಒಬ್ಬ ಹೆಂಗಸು ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕೂತಿದ್ದಾರೆ. ನಾಯಿಯ ಕಣ್ಣಲ್ಲಿ ಕಣ್ಣಿಡುವುದಿಲ್ಲ, ಕೈ ಚಾಚುವುದಿಲ್ಲ. ಆಗಾಗ ಮಾಂಸದ ಚೂರೊಂದನ್ನು ಅದರತ್ತ ಎಸೆದು, ಬೇರೆಲ್ಲೋ ನೋಡುತ್ತ ಆಕಳಿಸುತ್ತಾರೆ.

“ನಿದ್ದೆ ಬಂದು ಅಲ್ಲ ಮತ್ತೆ,” ಎಂದು, ಪತ್ರಿಕೆಗೆ ಬರೆಯಲು ಬಂದು ಗೇಟಿನ ಬಳಿ ನಿಂತ ನನಗೆ ಮೆಲ್ಲಗೆ ಹೇಳುತ್ತಾರೆ. “ಜಗಳಕ್ಕೆ ಬಂದಿಲ್ಲ ಅಂತ ಅದಕ್ಕೂ ಗೊತ್ತಾಗ್ಲಿ.”

ಊರಿಗೆಲ್ಲ ಇವರು ‘ನಾಯಮ್ಮ’. ಅಣಕಿಸಲು ಇಟ್ಟ ಹೆಸರು. ಈಗ ಫೋನ್ ಎತ್ತಿದರೆ ತಾವೇ “ನಾಯಮ್ಮ ಮಾತಾಡ್ತಿರೋದು” ಎನ್ನುತ್ತಾರೆ. ನಗರಸಭೆಯಲ್ಲಿ ಬೀದಿನಾಯಿಗಳಿಗೆ ಹುಚ್ಚುರೋಗದ ಲಸಿಕೆ ಹಾಕುವ ತಂಡದ ಕೆಲಸ. ಎಲ್ಲಿ ನಾಯಿ ಕಚ್ಚಿದರೂ ಕರೆ ಬರುವುದು ಇವರಿಗೇ. ಎಡಗೈ ತುಂಬ ಹಲ್ಲಿನ ಗುರುತು. “‘ಬನ್ನಿ ಬನ್ನಿ, ನಮ್ಮದು ಏನೂ ಮಾಡಲ್ಲ’ ಅಂದವರ ಮನೇಲಿ ಸಿಕ್ಕಿದ ಬಹುಮಾನ ಇವೆಲ್ಲ,” ಎಂದು ನಗುತ್ತಾರೆ.

ಎದುರಿಗಿರುವ ನಾಯಿ ಮಾತ್ರ ಕಚ್ಚಿದ್ದು ಇವರ ಸ್ವಂತ ಅಕ್ಕನನ್ನು. ಅಕ್ಕ ಇದೇ ಗೋದಾಮಿನಲ್ಲಿ ಕಸ ಗುಡಿಸುತ್ತಾರೆ. ಕಳೆದ ತಿಂಗಳು ಅದು ತಿನ್ನುತ್ತಿದ್ದಾಗ ತಟ್ಟೆಯನ್ನು ಆಚೆ ಸರಿಸಲು ಬಗ್ಗಿದ್ದೇ ತಡ, ಮುಂಗೈಗೆ ಬಾಯಿ ಹಾಕಿತು. ಓಡಿ ಬಂದ ನಾಯಮ್ಮ ಮೊದಲು ಅಕ್ಕನ ಕೈಯನ್ನು ನಲ್ಲಿಯ ಕೆಳಗೆ ಹಿಡಿದು, ಸೋಪು ಹಚ್ಚಿ, ಕಾಲು ಗಂಟೆ ತೊಳೆದರು. ಅಲ್ಲಿಂದ ನೇರ ಆಸ್ಪತ್ರೆಗೆ, ಚುಚ್ಚುಮದ್ದಿಗೆ. ವಾಪಸು ಬರುವಷ್ಟರಲ್ಲಿ ಭಾವ ಮತ್ತು ಹಮಾಲರು ದೊಣ್ಣೆ ಹಿಡಿದು ನಾಯಿಯನ್ನು ಸುತ್ತುವರಿದಿದ್ದರು. ನಾಯಮ್ಮ ಅಡ್ಡ ನಿಂತರು.

“ಒಡಹುಟ್ಟಿದವಳಿಗಿಂತ ನಾಯಿ ಹೆಚ್ಚಾಯ್ತಾ ನಿಂಗೆ?” ಭಾವ ಕೂಗಿದರು.

“ಹುಚ್ಚು ಹಿಡಿದಿದೆಯಾ ಇಲ್ವಾ ಅಂತ ನೋಡೋಕಾದ್ರೂ ಇದು ಬದುಕಿರಬೇಕು ಭಾವ. ಇದನ್ನ ಕೊಂದ್ರೆ ಇದೇ ಕಂಬಕ್ಕೆ ಇನ್ನೊಂದು ಮರಿ ಕಟ್ತಾರೆ. ಅದೂ ಕಚ್ಚುತ್ತೆ. ಆಗ ಯಾರ ಕೈ?”

ದೊಣ್ಣೆಗಳು ಕೆಳಗಿಳಿದವು. ಆದರೆ ಅಕ್ಕ ತಂಗಿಯ ಜೊತೆ ಮಾತು ಬಿಟ್ಟರು. ನಾಯಿಗೆ ಹುಚ್ಚಿರಲಿಲ್ಲ. ನಾನು ಆ ಮುಂಜಾನೆ ಹೋಗಿ ಬಂದ ಮೇಲೆ ಪಶುವೈದ್ಯರು ಮಂಪರಿನ ಔಷಧಿ ಕೊಟ್ಟು ನೋಡಿದಾಗ ಕುತ್ತಿಗೆಪಟ್ಟಿಯ ಕೆಳಗೆ ಕೊಳೆತ ಹುಣ್ಣು ಸಿಕ್ಕಿತು. ಮರಿಯಾಗಿದ್ದಾಗ ಕಟ್ಟಿದ ಪಟ್ಟಿ ಚರ್ಮದೊಳಗೇ ಇಳಿದಿತ್ತು. ಸರಪಳಿ ಬಿಚ್ಚಿ, ಮೂಲೆಯಲ್ಲಿ ತಂತಿಬೇಲಿ ಹಾಕಿಸಿ ಎಂದು ನಾಯಮ್ಮ ಕೇಳಿದರೆ ಗೋದಾಮಿನ ಸಾಹುಕಾರರು ಕಿವಿಗೇ ಹಾಕಿಕೊಳ್ಳಲಿಲ್ಲ.

“ನಾಯಿ ಮೆತ್ತಗಾದ್ರೆ ಕಳ್ಳರು ಬರಲ್ವೇನಮ್ಮ?”

“ಅದರ ಬಾಯಿಗೆ ಕಳ್ಳ ಸಿಗಲಿಲ್ಲ ಸಾಹುಕಾರ್ರೇ, ಕಸ ಗುಡಿಸೋಳು ಸಿಕ್ಕಿದ್ಲು.”

ಈ ಮಾತು ಅಲ್ಲಿ ಕೆಲಸಕ್ಕಿದ್ದ ಹೆಂಗಸರ ಕಿವಿಗೆ ಬಿತ್ತು. ಮರುದಿನ ಗುಡಿಸುವವರೆಲ್ಲ ಗೇಟಿನಾಚೆಯೇ ಕೂತರು. ಎಲ್ಲರಿಗಿಂತ ಮುಂದೆ ಕೂತವರು, ಕೈಗೆ ಬ್ಯಾಂಡೇಜು ಸುತ್ತಿಕೊಂಡಿದ್ದ ಅಕ್ಕ. “ಬೇಲಿ ಬರೋವರೆಗೂ ಪೊರಕೆ ಮುಟ್ಟಲ್ಲ,” ಎಂದರು. ಸಾಹುಕಾರರು ಗದರಿದರು, ಬೇರೆಯವರನ್ನು ಕರೆಸುತ್ತೇನೆಂದು ಹೆದರಿಸಿದರು. ಯಾರೂ ಏಳಲಿಲ್ಲ. ಕಸ ರಾಶಿಯಾದ ಮೇಲೆ ಸಾಹುಕಾರರೇ ಬೇಲಿ ಹಾಕಲು ಬೆಸುಗೆಯವನಿಗೆ ಹೇಳಿಕಳಿಸಿದರು.

ಎರಡು ವಾರ ಬಿಟ್ಟು ನಾನು ಮತ್ತೆ ಹೋದಾಗ ನಾಯಿ ಬೇಲಿಯೊಳಗೆ ನೆರಳಲ್ಲಿ ಮಲಗಿದೆ. ಹುಣ್ಣು ಮಾಯುತ್ತಿದೆ. ಹೊರಗೆ ತರುವಾಗ ಕಚ್ಚದಂತೆ ಬಾಯಿಕುಕ್ಕೆ ತಪ್ಪದು. ಅದರಲ್ಲಿ ನಾಯಮ್ಮನಿಗೆ ದಾಕ್ಷಿಣ್ಯವಿಲ್ಲ. ಬೇಲಿಯಾಚೆ ಅಕ್ಕ ಗುಡಿಸುತ್ತಿದ್ದಾರೆ.

“ನಂಗೆ ಇವತ್ತಿಗೂ ಅದನ್ನ ಕಂಡ್ರೆ ಆಗಲ್ಲ,” ಎನ್ನುತ್ತಾರೆ ಅಕ್ಕ.

“ಆಗಲೇಬೇಕು ಅಂತ ಯಾರಂದ್ರು? ನಿನ್ನ ಪಾಡಿಗೆ ನೀನು, ಅದರ ಪಾಡಿಗೆ ಅದು,” ಎನ್ನುತ್ತಾರೆ ತಂಗಿ. ಇಬ್ಬರೂ ನಗುತ್ತಾರೆ.

ಹೊರಡುವ ಮುಂಚೆ, ಪತ್ರಿಕೆಯಲ್ಲಿ ಏನು ಬರೆಯಲಿ ಎಂದು ಕೇಳುತ್ತೇನೆ. ನಾಯಮ್ಮ ಯೋಚಿಸುವುದಿಲ್ಲ.

“ನಾಯಿ ಗುರ್ ಅಂದ್ರೆ ಜನ ಒದೀತಾರೆ. ಒದೆ ತಿಂದೂ ತಿಂದೂ ಅದು ಗುರ್ ಅನ್ನೋದನ್ನೇ ಬಿಟ್ಟು ಸೀದಾ ಕಚ್ಚುತ್ತೆ. ಕಚ್ಚಿದ ಮೇಲೆ ನನ್ನ ಕರೀತಾರೆ. ಗುರ್ ಅಂದಾಗ್ಲೇ ಕರೀರಿ ಅಂತ ಬರೀರಿ. ದಪ್ಪ ಅಕ್ಷರದಲ್ಲಿ ಬರೀರಿ. ಆಗ ನಾನು ಬರೋದು ಗಾಯ ತೊಳೆಯೋಕಲ್ಲ, ಬರೀ ಮಾತಾಡೋಕೆ.”