ಸುಣ್ಣ ಹಚ್ಚಿದ ಗೋಡೆ

ಹುಬ್ಬಳ್ಳಿಯ ನಾಲಾ ಬದಿಯ ನಾಲ್ಕು ಓಣಿಗಳಲ್ಲಿ ಒಂದಕ್ಕೆ ಮಾತ್ರ ಪ್ರವಾಹದ ಸೈರನ್ ಕೊಡುವುದಿತ್ತು. ಯಾವುದಕ್ಕೆ ಎಂದು ಆರಿಸುವ ಕೆಲಸ ನನ್ನದು. ನಿಯಮ ಸರಳ: ಹಿಂದಿನ ನೀರಿನ ಗುರುತು ಗೋಡೆಯ ಮೇಲೆ ಎಷ್ಟು ಎತ್ತರಕ್ಕಿದೆಯೋ ಅಷ್ಟು ಅಂಕ.

ಮೊದಲ ಓಣಿಯ ಶಾಂತವ್ವನ ಗೋಡೆ ಅಚ್ಚ ಬಿಳಿಯಾಗಿತ್ತು.

"ಇಲ್ಲಿ ನೀರು ಬಂದಿತ್ತೇನವ್ವಾ?"

"ಬಂದಿತ್ತೇನ ಅಂತ ಕೇಳ್ತೀರಲ್ರಿ! ನಮ್ಮ ಮುದುಕಿ ಅತ್ತೀನ್ನ ಹೊತ್ಕೊಂಡು ಮಾಳಗಿ ಏರೀನ್ರಿ."

"ಗುರುತು ಎಲ್ಲೈತಿ?"

"ದೀಪಾವಳಿಗೆ ಸುಣ್ಣಾ ಹಚ್ಚೀವ್ರಿ. ಹಬ್ಬದಾಗ ರಾಡಿ ಗ್ವಾಡಿ ಇಟಗೊಂಡು ಕುಂದರೂದೇನ್ರಿ?"

ಗುರುತಿಲ್ಲದಿದ್ದರೆ ಸೊನ್ನೆ ಎಂದೆ. ಹೊರಗೆ ಮುಂಗಾರಿನ ಮೋಡ ಕಟ್ಟುತ್ತಿತ್ತು. ಅದನ್ನೊಮ್ಮೆ ನೋಡಿ, ಆಕೆ ನೀರೊಲೆಯಿಂದ ಇದ್ದಿಲು ತಂದು ತನ್ನ ಎದೆಮಟ್ಟಕ್ಕೆ ಗೆರೆ ಎಳೆದಳು.

"ಖರೇ ಇಲ್ಲೀತನಕ ಬಂದಿತ್ರಿ. ಒಂದು ಬಟ್ಟೂ ಹೆಚ್ಚಿಗಿ ಎಳದಿಲ್ಲ."

ಆ ಗೆರೆಯ ಫೋಟೊ ತೆಗೆದೆ. ಇಷ್ಟು ಸ್ಪಷ್ಟವಾದ ಗುರುತು ಬೇರೆಲ್ಲೂ ಸಿಕ್ಕಿಲ್ಲವೆಂದು ಕಚೇರಿಯಲ್ಲಿ ಸಾಹೇಬರು ಮೆಚ್ಚಿಕೊಂಡರು. ಸೈರನ್ ಶಾಂತವ್ವನ ಓಣಿಗೇ ಹೋಯಿತು.

ಉಳಿದ ಮೂರು ಓಣಿಯವರೂ ಹಬ್ಬಕ್ಕೆ ಸುಣ್ಣ ಹಚ್ಚಿದ್ದರು. ಇದ್ದಿಲು ತರುವುದು ಅವರಿಗೆ ತೋಚಲಿಲ್ಲ, ನಾನೂ ಹೇಳಲಿಲ್ಲ. ಈಗ ನಾಲ್ಕು ಹನಿ ಬಿದ್ದರೂ ನಾನು ಕಿಟಕಿಗೆ ಹೋಗಿ ನಿಲ್ಲುತ್ತೇನೆ. ಸೈರನ್ ಬಹಳ ಜೋರಾಗಿದೆಯಂತೆ. ಗಾಳಿ ಅತ್ತ ಬೀಸಿದರೆ ಅವರಿಗೂ ಕೇಳಿಸೀತು.